ಬೀಗದ ಕೈ, ಕೀಲಿಕೈ

ಮದುವೆಯಾಗಿ ಧಾರವಾಡದಿಂದ ಮೈಸೂರಿಗೆ ಬಂದ ಹೊಸತು. 1981ರ ಮಾತು. ಒಂದು ಬೆಳಿಗ್ಗೆ ಅತ್ತೆಯವರನ್ನು, "ಕಪಾಟಿನ ಕೀಲಿಕೈ ಎಲ್ಲಿಟ್ಟೀರಿ?" ಎಂದು ಕೇಳಿದೆ. ಅವರು ಒಂದು ಕ್ಷಣ ನನ್ನ ಮುಖವನ್ನೇ ನೋಡಿ, "ಓ, ಬೀರು ಬೀಗದ ಕೈಯಾ?" ಎಂದು ನಕ್ಕರು. ಈಗ ಕಕ್ಕಾಬಿಕ್ಕಿಯಾಗುವ ಸರದಿ ನನ್ನದು. ನನಗೆ ಗೊತ್ತಿದ್ದ ಬೀಗ ಎಂದರೆ ಬೀಗರು. ನನ್ನಪ್ಪ ಇವರಿಗೆ ಬೀಗರು, ಇವರು ನನ್ನಪ್ಪನಿಗೆ ಬೀಗರು. ಬೀಗರ ಕೈ ಬೀರುವಿನಲ್ಲೇಕೆ ಬಂತು ಎಂದು ನಾನು ತಬ್ಬಿಬ್ಬಾಗಿ ನಿಂತಿದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ.

ಅತ್ತೆಯವರು ಕೆಟ್ಟವರಲ್ಲ. ಆದರೆ ನನ್ನ ಮಾತು ಆ ಮನೆಯಲ್ಲಿ ದಿನಕ್ಕೊಂದು ತಮಾಷೆಯಾಯಿತು. ನಾನು ಪಗಾರ ಎಂದರೆ ಅವರು ಸಂಬಳ ಎಂದು ತಿದ್ದುವರು. ಸೂಟಿ ಎಂದರೆ ರಜ, ಬಟಾಟಿ ಎಂದರೆ ಆಲೂಗಡ್ಡೆ, ಉಳ್ಳಾಗಡ್ಡಿ ಎಂದರೆ ಈರುಳ್ಳಿ. "ನಿಮ್ಮ ಕಡೆ ಮರಾಠಿ ಸೇರಿ ಕನ್ನಡ ಕೆಟ್ಟಿದೆ, ಪಾಪ" ಎಂದು ಮರುಕದಿಂದಲೇ ಹೇಳುತ್ತಿದ್ದರು. ನಾನೂ ನಂಬಿದೆ. ವರ್ಷ ತುಂಬುವುದರೊಳಗೆ ನನ್ನ ನಾಲಿಗೆಯನ್ನು ಮೈಸೂರಿನ ಹದಕ್ಕೆ ತಂದುಕೊಂಡೆ.

ಅಷ್ಟೇ ಆಗಿದ್ದರೆ ಇದನ್ನು ಬರೆಯುವ ಕಾರಣವಿರಲಿಲ್ಲ. ಮಗನ ಮೊದಲ ಹುಟ್ಟುಹಬ್ಬಕ್ಕೆ ಅವ್ವ ಧಾರವಾಡದಿಂದ ಬಂದಳು. ಬರುವಾಗ ಬುತ್ತಿಯ ಗಂಟಿನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದಳು. ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ನಾನು ಹೇಳಿದ ಮೊದಲ ಮಾತು, "ಅವ್ವಾ, ಇಲ್ಲಿ ಪಗಾರ, ಸೂಟಿ ಅಂತ ಅನಬ್ಯಾಡ. ನಗತಾರ." ಅವ್ವ "ಆತವಾ" ಎಂದಳು. ಆಮೇಲೆ ನಾಲ್ಕು ದಿನ ಆ ಮನೆಯಲ್ಲಿ ಅವಳು ಹೆಚ್ಚು ಮಾತಾಡಲೇ ಇಲ್ಲ. ಕೇಳಿದ್ದಕ್ಕೆ ತಲೆಯಾಡಿಸಿದಳು, ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ಊರಲ್ಲಿ ಓಣಿಗೆಲ್ಲ ಕೇಳುವಂತೆ ಮಾತಾಡುವ ಹೆಂಗಸು ಅವಳು. ಅವಳ ಬಾಯಿ ಕಟ್ಟಿದ್ದು ಅತ್ತೆಯಲ್ಲ, ಮಗಳು.

ಎಷ್ಟೋ ವರ್ಷಗಳ ನಂತರ ನಿಘಂಟು, ಭಾಷೆಯ ಪುಸ್ತಕಗಳನ್ನು ತಿರುವಿಹಾಕುವ ಹವ್ಯಾಸ ಅಂಟಿದಾಗ, ಆ ದಿನ ನಮ್ಮ ಹಿತ್ತಲಲ್ಲಿ ನಡೆದದ್ದು ಎಂಥ ಪೆದ್ದುತನವೆಂದು ತಿಳಿಯಿತು.

ಮೊದಲು ಆ ಬೀರುವನ್ನೇ ನೋಡೋಣ. ನನ್ನ "ಕೆಟ್ಟ" ಕನ್ನಡದ ಕಪಾಟು ಸಂಸ್ಕೃತದ್ದು. ಅಲ್ಲಿ ಕಪಾಟ ಎಂದರೆ ಬಾಗಿಲ ಕದ. ಕದವಿರುವ ಪೆಟ್ಟಿಗೆಯೂ ನಮ್ಮ ಕಡೆ ಕಪಾಟಾಯಿತು. ಅತ್ತೆಯವರ "ಶುದ್ಧ" ಬೀರು ಫ್ರೆಂಚರ ಬ್ಯೂರೋ! ಫ್ರೆಂಚರಲ್ಲಿ ಅದು ಮೊದಲು ಒಂದು ಬಗೆಯ ಒರಟು ಉಣ್ಣೆ ಬಟ್ಟೆಯ ಹೆಸರಾಗಿತ್ತು. ಆ ಬಟ್ಟೆಯನ್ನು ಬರೆಯುವ ಮೇಜಿನ ಮೇಲೆ ಹಾಸುತ್ತಿದ್ದರು. ಕ್ರಮೇಣ ಮೇಜಿಗೇ ಆ ಹೆಸರು ಬಂತು, ಮೇಜಿರುವ ಕಚೇರಿಗೂ ಬಂತು. ನಮ್ಮಲ್ಲಿ ಅದು ರೇಷ್ಮೆ ಸೀರೆಯನ್ನೂ ಒಡವೆಯನ್ನೂ ಇಡುವ ಕಬ್ಬಿಣದ ಪೆಟ್ಟಿಗೆಯಾಯಿತು. ಬಟ್ಟೆಯಿಂದ ಹೊರಟ ಮಾತು ಲೋಕ ಸುತ್ತಿ ಮತ್ತೆ ಬಟ್ಟೆಯ ಹತ್ತಿರವೇ ಬಂದು ಕೂತಿತು ನೋಡಿ. ಇನ್ನು ಅಲಮಾರು ಎನ್ನುವವರಿದ್ದಾರಲ್ಲ, ಅವರದು ಪೋರ್ಚುಗೀಸರ ಅರ್ಮಾರಿಯೋ. ಅದರ ಮೂಲ ಲ್ಯಾಟಿನ್ನಿನಲ್ಲಿ ಆಯುಧಗಳನ್ನಿಡುವ ಜಾಗ.

ಪೋರ್ಚುಗೀಸರು 1498ರಲ್ಲಿ ಕಲ್ಲಿಕೋಟೆಗೆ ಬಂದರು. 1510ರಲ್ಲಿ ಬಿಜಾಪುರದ ಆದಿಲಶಾಹಿಗಳಿಂದ ಗೋವೆಯನ್ನು ಕಿತ್ತುಕೊಂಡು, 1961ರವರೆಗೆ, ಅಂದರೆ ನಾಲ್ಕೂವರೆ ಶತಮಾನ, ಅಲ್ಲೇ ಉಳಿದರು. ಅವರ ಹಡಗಿನಲ್ಲಿ ಬಂದ ಸಾಮಾನು ಕರಾವಳಿಗೆ ಇಳಿದು ಘಟ್ಟ ಹತ್ತಿತು. ಸಾಮಾನಿನ ಜೊತೆ ಅದರ ಹೆಸರೂ ಹತ್ತಿತು. ನಮ್ಮ ವಠಾರದಲ್ಲಿ ಮಂಗಳೂರಿನ ಕಡೆಯವರೊಬ್ಬರಿದ್ದರು. ಅವರು ಬೀಗದ ಕೈಗೆ ಚಾವಿ, ಕಿಟಕಿಗೆ ಜನೇಲು, ಬಕೆಟ್ಟಿಗೆ ಬಾಲ್ದಿ ಎನ್ನುತ್ತಿದ್ದರು. ಮೂರೂ ಪೋರ್ಚುಗೀಸರ ಬಳುವಳಿ: ಶಾವ್, ಜನೇಲಾ, ಬಾಲ್ದ್. ಪೋರ್ಚುಗೀಸರಿಗೂ ತಿಳಿಯುವ ಕನ್ನಡವನ್ನು ಅವರು ನಲ್ಲಿಯ ಹತ್ತಿರ ನಿಂತು ಮಾತಾಡುತ್ತಿದ್ದರು. ಪಾಪ, ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

ನನ್ನ ಬಟಾಟಿಯೂ ಅದೇ ಹಡಗಿನದು. ಅಮೆರಿಕದ ಹತ್ತಿರದ ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳು ಗೆಣಸಿಗೆ ಇಟ್ಟಿದ್ದ ಹೆಸರು ಬಟಾಟ. ಯುರೋಪಿನವರು ಗೆಣಸಿನ ಹೆಸರನ್ನು ಇನ್ನೊಂದು ಗಡ್ಡೆಗೂ ಅಂಟಿಸಿಬಿಟ್ಟರು. ಆಲೂಗಡ್ಡೆಯ ಕಥೆಯೂ ಇಂಥದ್ದೇ. ಸಂಸ್ಕೃತದಲ್ಲಿ ಆಲು ಎಂದರೆ ತಿನ್ನುವ ಯಾವುದೋ ಹಳೆಯ ಗೆಡ್ಡೆ. ದಕ್ಷಿಣ ಅಮೆರಿಕದಿಂದ ಬಂದ ಹೊಸಬ ಆ ಪೀಠದ ಮೇಲೆ ಕೂತ. ನಾನೂ ಅತ್ತೆಯೂ ಜಗಳವಾಡಿದ್ದು ಎರಡು ಎರವಲು ಹೆಸರುಗಳ ಮೇಲೆ, ಅದೂ ಪರದೇಶದ ತರಕಾರಿಗಾಗಿ.

ಹೊಸಬರು ಬಂದಾಗ ಹಳಬರ ಗತಿ ಏನಾಗುತ್ತದೆಂದು ತಿಳಿಯಬೇಕಾದರೆ ಮೆಣಸನ್ನು ನೋಡಬೇಕು. ಮೊದಲು ನಮ್ಮಲ್ಲಿ ಖಾರವೆಂದರೆ ಮುಖ್ಯವಾಗಿ ಬಳ್ಳಿಯಲ್ಲಿ ಬಿಡುವ ಮೆಣಸು. ಅಮೆರಿಕದಿಂದ ಪೋರ್ಚುಗೀಸರು ತಂದ ಹೊಸ ಗಿಡದ ಕಾಯಿಯೂ ಖಾರವಾಗಿತ್ತು, ಹಿತ್ತಲಲ್ಲಿ ಸುಲಭವಾಗಿ ಬೆಳೆಯಿತು. ಮೆಣಸಿನಂಥ ಕಾಯಿ ಎಂದು ಅದನ್ನು ಮೆಣಸಿನಕಾಯಿ ಎಂದರು. ಕ್ರಮೇಣ ಅಡುಗೆಮನೆಯೆಲ್ಲ ಅದರದೇ ಆಯಿತು. ಮನೆಯೊಡತಿಯಾಗಿದ್ದ ಹಳೆಯ ಮೆಣಸು ತನ್ನ ಗುರುತು ಹೇಳಿಕೊಳ್ಳಲು ಕಾಳುಮೆಣಸು, ಕರಿಮೆಣಸು ಎಂದು ವಿಶೇಷಣ ಹಚ್ಚಿಕೊಳ್ಳಬೇಕಾಯಿತು. ಕರಾವಳಿ, ಮಲೆನಾಡಿನಲ್ಲಿ ಮಾತ್ರ ಜನ ಅದರ ಮರ್ಯಾದೆ ಉಳಿಸಿ ಒಳ್ಳೆಮೆಣಸು ಎನ್ನುತ್ತಾರೆ. ಕಿರಿಸೊಸೆ ಬಂದ ಮೇಲೆ ಹಿರಿಸೊಸೆಯ ಹೆಸರಿಗೆ 'ಹಿರಿ' ಸೇರಿದ ಹಾಗೆ.

ಹಾಗಾದರೆ ಪಗಾರ? ಅದೂ ಪೋರ್ಚುಗೀಸರದೇ. ಪಗಾರ್ ಎಂದರೆ ಕೊಡಬೇಕಾದ ಹಣ ಕೊಡು ಎಂದರ್ಥ. ಅದರ ಲ್ಯಾಟಿನ್ ಮೂಲದಲ್ಲಿ ಸಮಾಧಾನಪಡಿಸು, ಶಾಂತಗೊಳಿಸು ಎಂಬ ಅರ್ಥವಿತ್ತು. ತಿಂಗಳ ಕೊನೆಯ ವಾರ ಯಾವುದೇ ಮನೆಗೆ ಹೋಗಿ ನೋಡಿದರೆ ಈ ಅರ್ಥ ಎಷ್ಟು ಸರಿಯೆಂದು ಗೊತ್ತಾಗುತ್ತದೆ. ಅತ್ತೆಯವರ ಸಂಬಳ ಸಂಸ್ಕೃತದ್ದು. ಅಲ್ಲಿ ಅದರರ್ಥ ದಾರಿಬುತ್ತಿ, ಪ್ರಯಾಣಕ್ಕೆ ಕಟ್ಟಿಕೊಂಡು ಹೋಗುವ ಆಹಾರ. ಒಂದು ಮಾತು ಮನಸ್ಸಿಗೆ ಸಮಾಧಾನ, ಇನ್ನೊಂದು ಹೊಟ್ಟೆಗೆ ಬುತ್ತಿ. ಎರಡರಲ್ಲಿ ಯಾವುದನ್ನು ಬೇಡವೆನ್ನೋಣ?

ಸೂಟಿ ಮರಾಠಿಯಿಂದ ಬಂದದ್ದು ನಿಜ. ಅಲ್ಲಿ ಅದರರ್ಥ ಬಿಡುಗಡೆ. ರಜ ಮಾತ್ರ ಅರಬ್ಬಿಯಿಂದ ಪಾರಸಿಗೆ, ಪಾರಸಿಯಿಂದ ನಮ್ಮ ಕಚೇರಿಗಳಿಗೆ ಬಂದದ್ದು. ಅದರ ಮೂಲ ಅರ್ಥ ಒಪ್ಪಿಗೆ, ಅನುಮತಿ. ಮೇಲಿನವರ ಒಪ್ಪಿಗೆ ಸಿಕ್ಕಿದರೆ ತಾನೇ ಮನೆಯಲ್ಲಿರುವುದು? ಹಾಗೆ ಒಪ್ಪಿಗೆಯೇ ರಜೆಯಾಯಿತು. ಇದೇ ಅರಬ್ಬಿ ಬೇರಿನಿಂದ ರಾಜಿಯೂ ಹುಟ್ಟಿದೆ, ಒಪ್ಪಿಕೊಳ್ಳುವುದು ಎಂಬರ್ಥದಲ್ಲಿ. ಅದಕ್ಕೆ ನಾಮೆ, ಅಂದರೆ ಪತ್ರ, ಸೇರಿದರೆ ರಾಜೀನಾಮೆ. ಹಿಂದಿಯವರಿಗೆ ಇದು ಈಗಲೂ ಒಪ್ಪಂದದ ಪತ್ರ. ನಮಗೆ ಮಾತ್ರ ಕೆಲಸ ಬಿಡುವ ಪತ್ರ. ಮುಂಬಯಿ ಪ್ರಾಂತದ ಕಂದಾಯ ವ್ಯವಹಾರದಲ್ಲಿ ರೈತ ತನ್ನ ಜಮೀನನ್ನು ಬಿಟ್ಟುಕೊಡುವಾಗ ಬರೆದುಕೊಡುತ್ತಿದ್ದ ಕಾಗದವನ್ನು ರಾಜೀನಾಮೆ ಎನ್ನುತ್ತಿದ್ದರು. ಒಪ್ಪಿ ಬಿಟ್ಟೆ ಎಂದು ಬರೆಸಿಕೊಳ್ಳುತ್ತಿದ್ದರು.

ರಜೆ, ರಾಜಿ, ರಾಜೀನಾಮೆ ಒಂದೇ ತಾಯಿಯ ಮಕ್ಕಳೆಂದು ತಿಳಿದ ದಿನ ನಾನು ಸೌಟು ಹಿಡಿದುಕೊಂಡೇ ಯೋಚಿಸಿದೆ. ಮನೆಗೆಲಸಕ್ಕೆ ರಜೆಯಿಲ್ಲ, ರಾಜೀನಾಮೆಯೂ ಇಲ್ಲ. ಮೂವರಲ್ಲಿ ನಮ್ಮ ಪಾಲಿಗೆ ಬಂದವಳು ರಾಜಿ ಒಬ್ಬಳೇ. ಅವ್ವನಿಗೆ ನಾನು ಮಾಡಿಸಿದ್ದೂ ಅದನ್ನೇ.

ಎರಡು ಊರಿನ ಮಾತು ಹೀಗೆ ಬೇರೆಯಾಗಿದ್ದಕ್ಕೆ ಕಾರಣವೂ ಇದೆ. ಧಾರವಾಡದ ಸೀಮೆ ಆದಿಲಶಾಹಿಗಳನ್ನು ಕಂಡಿತು, ಪೇಶ್ವೆಯವರನ್ನು ಕಂಡಿತು, ಆಮೇಲೆ ಮುಂಬಯಿ ಪ್ರಾಂತಕ್ಕೆ ಸೇರಿತು. ಮೈಸೂರಿನಲ್ಲಿ ಹೈದರ್, ಟಿಪ್ಪು ಕಾಲದಲ್ಲಿ ಪಾರಸಿ ನಡೆಯಿತು, ಬಳಿಕ ಒಡೆಯರ ಸಂಸ್ಥಾನವಾಯಿತು. ಮಂಗಳೂರು ಮದ್ರಾಸ್ ಪ್ರಾಂತದಲ್ಲಿತ್ತು, ಕಲಬುರ್ಗಿ ನಿಜಾಮರ ಹೈದರಾಬಾದಿನಲ್ಲಿತ್ತು. 1956ರ ನವೆಂಬರ್ 1ರಂದು ಇವೆಲ್ಲ ಒಂದೇ ರಾಜ್ಯವಾದವು. ನಕ್ಷೆ ಒಂದು ದಿನದಲ್ಲಿ ಒಂದಾಗುತ್ತದೆ. ಅಡುಗೆಮನೆಗಳು ಹಾಗೆ ಒಂದಾಗುವುದಿಲ್ಲ. ಅದಕ್ಕೆ ನನ್ನಂಥ ಸೊಸೆಯರು ಗಂಟುಮೂಟೆ ಕಟ್ಟಿಕೊಂಡು ಅತ್ತಿತ್ತ ಹೋಗಬೇಕು.

ಅಚ್ಚಗನ್ನಡದ್ದೇನೂ ಉಳಿದಿಲ್ಲವೆ ಎಂದು ನೀವು ಕೇಳಬಹುದು. ಧಾರಾಳವಾಗಿ ಇದೆ. ನೀರು, ಉಪ್ಪು, ಅಕ್ಕಿ, ಒಲೆ, ಒರಳು, ಒನಕೆ, ಮೊರ ನಮ್ಮವೇ. ಎಣ್ಣೆ ನಮ್ಮದೇ. ಎಳ್ಳಿನ ನೆಯ್ ಎಣ್ಣೆಯಾಯಿತು, ಬೆಳ್ಳನೆಯ ನೆಯ್ ಬೆಣ್ಣೆಯಾಯಿತು. ಹಾಗೆ ನೋಡಿದರೆ ಕೊಬ್ಬರಿ ಎಣ್ಣೆ ಎನ್ನುವುದು ಕೊಬ್ಬರಿಯ ಎಳ್ಳೆಣ್ಣೆ! ಅದರ ಮೇಲೆ ಹೊರನಾಡಿನಿಂದ ಬಂದದ್ದೆಂದು ಹೇಳಲು ಸೀಮೆ ಸೇರಿಸಿ ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ ಮಾಡಿಕೊಂಡೆವು. ಭಾಷೆ ತನ್ನ ಒರಳನ್ನೂ ಬಿಡಲಿಲ್ಲ, ಬಂದ ಕಾಳನ್ನೂ ಬೇಡವೆನ್ನಲಿಲ್ಲ. ಬರುವವರಿಗೆ ಒಂದೇ ನಿಯಮ. ನಮ್ಮ ಮನೆಗೆ ಬಂದ ಮೇಲೆ ಕೊನೆಗೊಂದು 'ಉ' ಹಚ್ಚಿಕೊಳ್ಳಬೇಕು: ಸೋಪು, ಬಸ್ಸು, ಟಿಕೆಟ್ಟು. ಹಿಂದೆ ಸೊಸೆ ಮನೆ ತುಂಬುವಾಗ ಹೆಸರು ಬದಲಿಸುತ್ತಿದ್ದರಲ್ಲ, ಹಾಗೆ.

ನಾವು ಬರಿಗೈಯವರೂ ಅಲ್ಲ. ಮರಾಠಿಗರ ಊಟದ ತೂಪ್ ನಮ್ಮ ತುಪ್ಪ. ನಮ್ಮ ಅಡಕೊತ್ತು ಅಲ್ಲಿ ಅಡಕಿತ್ತಾ. ಅಡಕೆಯ ಮಲಯಾಳದ ತಂಗಿ ಅಡಯ್ಕ ಪೋರ್ಚುಗೀಸರ ಬಾಯಲ್ಲಿ ಅರೆಕಾ ಆಗಿ, ಸಸ್ಯಶಾಸ್ತ್ರದ ಪುಸ್ತಕವನ್ನೂ ಸೇರಿದೆ.

ಜರ್ಮನಿಯಿಂದ 1853ರಲ್ಲಿ ಬಂದ ಕಿಟೆಲ್ ಧಾರವಾಡದ ಕಡೆಯೂ ಇದ್ದರು, ಮಂಗಳೂರಿನಲ್ಲೂ ಮಡಿಕೇರಿಯಲ್ಲೂ ಇದ್ದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚು ಹಾಕಿದ ಅವರ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ಪಂಡಿತರ ಮಾತಿನ ಪಕ್ಕದಲ್ಲೇ ಜನರ ಗಾದೆಗಳನ್ನೂ ಸೇರಿಸಿದರು. ಮರಾಠಿಯಿಂದಲೋ ಹಿಂದುಸ್ತಾನಿಯಿಂದಲೋ ಬಂದ ಮಾತಿಗೆ ಹಾಗೆಂದು ಗುರುತು ಹಾಕಿದರೇ ಹೊರತು ಹೊರಗೆ ನಿಲ್ಲಿಸಲಿಲ್ಲ. ಪರದೇಶದ ಪಾದ್ರಿಗಿದ್ದ ದೊಡ್ಡ ಮನಸ್ಸು, ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ ಇರಲಿಲ್ಲ.

ಇದನ್ನೆಲ್ಲ ಅವ್ವನಿಗೆ ಹೇಳಬೇಕೆನ್ನುವಷ್ಟರಲ್ಲಿ ಅವಳು ಇರಲಿಲ್ಲ. ಹೇಳಿದ್ದರೆ, "ಹೌದೇನವಾ? ಪೋರ್ಚುಗೀಸರು ಪಗಾರ ಕೊಟ್ಟು ಹೋದ್ರೇನು?" ಎಂದು ನಗುತ್ತಿದ್ದಳೋ ಏನೋ. ಕೊನೆಗೆ ಅತ್ತೆಯವರಿಗೆ ಹೇಳಿದೆ. ಆಗ ಅವರಿಗೆ ಎಂಬತ್ತರ ಹತ್ತಿರ. ಎಲ್ಲವನ್ನೂ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಿಮ್ಮಮ್ಮ ಬಂದಾಗ ಅವರ ಕೈಲಿ ಮಾತಾಡಿಸಲೇ ಇಲ್ಲ ನಾವು" ಎಂದರು. ನಾನು ಬಾಯಿ ಕಟ್ಟಿದ್ದೆನೆಂಬುದು ಅವರಿಗೆ ಗೊತ್ತಿರಲಿಲ್ಲ. ಆ ದಿನ ಹೇಳಿದೆ.

ಅವರು ಹೋದ ಮೇಲೆ ಬೀರುವಿನ ಗೊಂಚಲು ನನ್ನ ಸೊಂಟಕ್ಕೆ ಬಂತು. ಅವರದು ಬೀಗದ ಕೈ, ನನ್ನದು ಕೀಲಿಕೈ. ಬೀಗಕ್ಕೆ ಕೀಲಿ ಎಂದರೂ, ಕೀಲಿಗೆ ಬೀಗ ಎಂದರೂ, ಅದನ್ನು ತೆರೆಯುವುದಕ್ಕೆ ಮಾತ್ರ ಎರಡು ಮನೆಯವರೂ ಕೈ ಎಂದೇ ಕರೆದಿದ್ದೆವು. ಇಷ್ಟು ವರ್ಷ ಅದು ನನ್ನ ಕಿವಿಗೆ ಬಿದ್ದಿರಲಿಲ್ಲ. ಮಗ ಈಗ "ಅಮ್ಮಾ, ಕೀ ಎಲ್ಲಿ?" ಎನ್ನುತ್ತಾನೆ. ನಾನು ನಗುವುದೂ ಇಲ್ಲ, ತಿದ್ದುವುದೂ ಇಲ್ಲ. "ಕಪಾಟಿನ ಮ್ಯಾಲ ಐತಿ, ತಗೋ" ಎನ್ನುತ್ತೇನೆ.