ಒಂದು ಬೈಕ್ ಕಳ್ಳತನ, ಒಂದು ಗುಡ್ಡ ಕಳ್ಳತನ

2020ರಲ್ಲಿ ತಿಂಗಳುಗಟ್ಟಲೆ ಇಡೀ ದೇಶ ಬಾಗಿಲು ಹಾಕಿಕೊಂಡು ಮನೆಯಲ್ಲಿ ಕೂತಿತ್ತು. ಬಸ್ ಇಲ್ಲ, ಸಂತೆ ಇಲ್ಲ, ಜಾತ್ರೆ ಇಲ್ಲ. ಆ ವರ್ಷದ ಬಗ್ಗೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ, ಅಂದ್ರೆ ಎನ್‌ಸಿಆರ್‌ಬಿ, ಕೊಟ್ಟ ವರದಿ ಏನು ಹೇಳಿತು ಗೊತ್ತಾ? ದೇಶದಲ್ಲಿ ಅಪರಾಧ ಶೇ 28ರಷ್ಟು ಏರಿದೆ! 2019ರಲ್ಲಿ 51,56,172 ಪ್ರಕರಣ, 2020ರಲ್ಲಿ 66,01,285.

ಕಳ್ಳರೆಲ್ಲ ಒಟ್ಟಿಗೇ ಬೀದಿಗಿಳಿದಿದ್ರಾ? ಇಲ್ಲ. ಕಳ್ಳತನದ ಕೇಸು ಆ ವರ್ಷ ಇಳಿದಿತ್ತು. ಮಹಿಳೆಯರ ಮೇಲಿನ, ಮಕ್ಕಳ ಮೇಲಿನ ಅಪರಾಧದ ಕೇಸುಗಳೂ ಇಳಿದಿದ್ದವು. ಏರಿದ್ದು ಐಪಿಸಿ 188, ಸರ್ಕಾರಿ ಆದೇಶ ಮೀರಿದ ಕೇಸುಗಳು. ಹಿಂದಿನ ವರ್ಷ 29,469 ಇದ್ದದ್ದು ಒಂದೇ ನೆಗೆತಕ್ಕೆ 6,12,179 ಆಗಿತ್ತು. ಲಾಕ್‌ಡೌನ್‌ನಲ್ಲಿ ರಸ್ತೆಗೆ ಬಂದವನ ಮೇಲೆ ಬಿದ್ದ ಕೇಸೂ ದೇಶದ 'ಅಪರಾಧ'ದ ಲೆಕ್ಕಕ್ಕೆ ಸೇರಿತ್ತು.

ನಾನು ಓದಿದ್ದು ಎಂಜಿನಿಯರಿಂಗ್. ಮೀಟರ್ ತೋರಿಸಿದ್ದನ್ನು ಬರೆದುಕೊಳ್ಳುವ ಮೊದಲು ಆ ಮೀಟರ್ ಅಳೀತಿರೋದು ಏನನ್ನ ಅಂತ ನೋಡಿ ಅಂತ ಲ್ಯಾಬ್‌ನಲ್ಲಿ ಹೇಳಿಕೊಡ್ತಾರೆ. ಅಪರಾಧದ ಅಂಕಿಅಂಶ ಅಳೆಯೋದು ನಡೆದ ಅಪರಾಧವನ್ನಲ್ಲ. ಠಾಣೆಯಲ್ಲಿ ಬರೆದುಕೊಂಡ ಅಪರಾಧವನ್ನು. ಇವೆರಡರ ನಡುವೆ ಎಷ್ಟು ದೂರ ಇದೆ ಅಂತ ನೋಡಬೇಕಾದ್ರೆ ಬಳ್ಳಾರಿಗಿಂತ ಒಳ್ಳೆ ಜಾಗ ಇಲ್ಲ. ಕುರುಗೋಡು, ಸಿರುಗುಪ್ಪದ ವೀಕ್ಷಕರಿಗೆ ಇದು ಮನೆಯ ಕಥೆಯೇ.

1876ರಿಂದ 78. ಡೋಗಿ ಬರ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ತುಂಗಭದ್ರೆಗೆ ಇವತ್ತಿನ ಅಣೆಕಟ್ಟೆ ಇಲ್ಲ, ಅದರ ಕಾಲುವೆಗಳೂ ಇಲ್ಲ. 1871ರ ಜನಗಣತಿಯಲ್ಲಿ ಜಿಲ್ಲೆಯ ಜನ ಸುಮಾರು 9 ಲಕ್ಷ 11 ಸಾವಿರ. 1881ರಲ್ಲಿ ಸುಮಾರು 7 ಲಕ್ಷ 26 ಸಾವಿರ. ಐದು ಜನರಲ್ಲಿ ಒಬ್ಬರು ಲೆಕ್ಕದಿಂದಲೇ ಇಲ್ಲವಾದರು. ಅದೇ ಹೊತ್ತಲ್ಲಿ ಪ್ರಾಂತ್ಯದ ಪೊಲೀಸ್ ವರದಿಗಳಲ್ಲಿ ಡಕಾಯಿತಿ, ಧಾನ್ಯ ಲೂಟಿಯ ಕೇಸು ಏರಿದವು. ಹಗೇವಿಗೆ ಕೈ ಹಾಕಿದ ಹಸಿದ ಮನುಷ್ಯ ಅಪರಾಧದ ಪಟ್ಟಿಗೆ ಬಂದ. ಜನ ಸಾಯುತ್ತಿದ್ದಾಗಲೂ ಧಾನ್ಯವನ್ನು ಹೊರಗೆ ಸಾಗಿಸಲು ಬಿಟ್ಟ ನೀತಿ ಯಾವ ಪಟ್ಟಿಗೂ ಬರಲಿಲ್ಲ. ಅದು ವ್ಯಾಪಾರ, ಕಾನೂನುಬದ್ಧ.

ಬರಕ್ಕಿಂತ ಮುಂಚೆ ಈ ಸೀಮೆಯಲ್ಲಿ ಉಪ್ಪು, ಕಾಳು ಎತ್ತಿನ ಮೇಲೆ ಹೇರಿಕೊಂಡು ಊರೂರಿಗೆ ಮಾರ್ತಿದ್ದವರು ಕೊರಚರಂಥ ಅಲೆಮಾರಿಗಳು. ರೈಲು ಬಂತು, ಉಪ್ಪಿನ ಕಾಯ್ದೆ ಬಿಗಿಯಾಯ್ತು, ಅವರ ದಂಧೆ ಹೋಯ್ತು. ಅವರ ಪಾಲಿಗೆ ಉಳಿದದ್ದು ಸರ್ಕಾರ ಹಚ್ಚಿದ ಹಣೆಪಟ್ಟಿ ಮಾತ್ರ. 1871ರಲ್ಲಿ ಉತ್ತರ ಭಾರತಕ್ಕೆ ಅಂತ ಮಾಡಿದ ಅಪರಾಧಿ ಬುಡಕಟ್ಟು ಕಾಯ್ದೆ, 1911ರಲ್ಲಿ ಹೊಸ ರೂಪ ಪಡೆದು ಮದ್ರಾಸ್ ಪ್ರಾಂತ್ಯಕ್ಕೂ ಬಂತು. ಹುಟ್ಟಿದ ಕೂಸಿನ ಹಣೆಗೂ ಅಪರಾಧದ ಮುದ್ರೆ! ಹಾಜರಿ ಹಾಕಬೇಕು, ಊರು ಬಿಡೋಕೆ ಪಾಸ್ ಬೇಕು. ಪಕ್ಕದ ಮುಂಬೈ ಪ್ರಾಂತ್ಯದ ಹುಬ್ಬಳ್ಳಿ, ಗದಗದಲ್ಲಿ ಇಂಥವರಿಗಾಗಿ ಸೆಟ್ಲ್‌ಮೆಂಟ್‌ಗಳೇ ಇದ್ದವು. ದೇಶಕ್ಕೆ ಸ್ವಾತಂತ್ರ್ಯ ಬಂದು ಐದು ವರ್ಷ ಆದಮೇಲೆ, 1952ರ ಆಗಸ್ಟ್ 31ಕ್ಕೆ ಈ ಕಾಯ್ದೆ ರದ್ದಾಯ್ತು. ಅಲ್ಲಿಯವರೆಗೆ ಸರ್ಕಾರ ಅಪರಾಧ ನಡೆಯೋ ಮೊದಲೇ ಅಪರಾಧಿಯನ್ನು ಎಣಿಸಿಟ್ಟಿತ್ತು.

ಈಗ 1953ಕ್ಕೆ ಬನ್ನಿ. 'ಕ್ರೈಮ್ ಇನ್ ಇಂಡಿಯಾ' ಅನ್ನೋ ರಾಷ್ಟ್ರೀಯ ವರದಿಯ ಮೊದಲ ಸಂಚಿಕೆ ಆ ವರ್ಷದ್ದು. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಅಂದ್ರೆ ದೇಶದ ಮೊದಲ ಅಪರಾಧ ಲೆಕ್ಕದ ವರ್ಷದಲ್ಲಿ ಕುರುಗೋಡು ಒಂಬತ್ತು ತಿಂಗಳು ಮದ್ರಾಸಿನದು, ಮೂರು ತಿಂಗಳು ಮೈಸೂರಿನದು. ಗಡಿ ಬದಲಾದಾಗ ಲೆಕ್ಕವೂ ಬದಲಾಗುತ್ತೆ. 2021ರಲ್ಲಿ ವಿಜಯನಗರ ಬೇರೆ ಜಿಲ್ಲೆಯಾಯ್ತಲ್ಲ, ಹೊಸಪೇಟೆ, ಕೂಡ್ಲಿಗಿ, ಹಡಗಲಿ ಎಲ್ಲ ಅತ್ತ ಹೋದವು. ಮುಂದೊಂದು ದಿನ ಯಾರಾದ್ರೂ ಹಳೇ ಬಳ್ಳಾರಿಗೂ ಹೊಸ ಬಳ್ಳಾರಿಗೂ ಪಟ್ಟಿ ಇಟ್ಟು 'ಅಪರಾಧ ಇಳಿಕೆ' ಅಂದ್ರೆ, ಸ್ವಲ್ಪ ತಡೀರಿ ಸಾರ್ ಅನ್ನಿ.

ಎನ್‌ಸಿಆರ್‌ಬಿ ಹುಟ್ಟಿದ್ದು 1986ರಲ್ಲಿ. ಅದಕ್ಕೊಂದು ನಿಯಮ ಇದೆ. ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧ ಇದ್ದರೆ ಎಲ್ಲಕ್ಕಿಂತ ಘೋರವಾದ ಒಂದನ್ನು ಮಾತ್ರ ಎಣಿಸಬೇಕು. ಅತ್ಯಾಚಾರ ಮಾಡಿ ಕೊಂದರೆ ಅದು ಕೊಲೆಯ ಕಾಲಂಗೆ ಹೋಗುತ್ತೆ. ಈ ಮಿತಿಯನ್ನು ಬ್ಯೂರೊ ಮುಚ್ಚಿಟ್ಟಿಲ್ಲ, ವರದಿಯ ಆರಂಭದಲ್ಲೇ ಹೇಳುತ್ತೆ. ಆದ್ರೆ ಆ ಪುಟ ಟಿವಿ ಪರದೆಗೆ ಬರೋದಿಲ್ಲ. ಬರೋದು ಯಾವ ರಾಜ್ಯ ನಂಬರ್ ಒನ್ ಅನ್ನೋ ಗ್ರಾಫಿಕ್ಸ್ ಮಾತ್ರ.

ಇನ್ನು ನಮ್ಮ ಗುಡ್ಡಗಳ ವಿಷಯ. ದೊಡ್ಡಬಸವೇಶ್ವರ ಜಾತ್ರೆಗೆ ಬಂದವರ ಬೈಕ್ ಕಳೆದರೆ ಎಫ್‌ಐಆರ್ ಒಂದು, ರಾಷ್ಟ್ರೀಯ ಲೆಕ್ಕದಲ್ಲೂ ಒಂದು. ಸಂಡೂರಿನ ಗುಡ್ಡ ಕರಗಿ ಲಾರಿಗಳಲ್ಲಿ ಬಂದರಿಗೆ ಹೋದರೆ ಎಷ್ಟು? ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ 2011ರ ಜುಲೈ 27ರಂದು ಕೊಟ್ಟ ವರದಿ ಸರ್ಕಾರಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ ಅಂತು. ಎರಡೇ ದಿನಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆದ್ರೆ ಅಪರಾಧದ ದರ ಹಾಕೋದು ಲಕ್ಷ ಜನಸಂಖ್ಯೆಗೆ ಎಷ್ಟು ಕೇಸು ಅಂತ. ಎಷ್ಟು ಟನ್, ಎಷ್ಟು ಕೋಟಿ ಅಂತ ಅಲ್ಲ. ಅದಿರು ಹೊರಗೆ ಹರಿದ ಅಷ್ಟೂ ವರ್ಷ ದರದ ಸೂಜಿ ಅದಕ್ಕೆ ತಕ್ಕಂತೆ ಅಲ್ಲಾಡುವ ದಾರಿಯೇ ಇರಲಿಲ್ಲ. ಬರೆದುಕೊಳ್ಳಬೇಕಾದ ವ್ಯವಸ್ಥೆಯೇ ಕಣ್ಣು ಮುಚ್ಚಿದ್ದಾಗ ಯಾವ ಬ್ಯೂರೊ ಏನು ಎಣಿಸುತ್ತೆ?

ನ್ಯಾಯದ ಕಡೆ ನೋಡಿ. ಬೇಲೇಕೇರಿ ಬಂದರಿನಲ್ಲಿ 2010ರಲ್ಲಿ ಜಪ್ತಿ ಮಾಡಿಟ್ಟಿದ್ದ ಅದಿರೇ ಮಾಯವಾಯ್ತು. ವಿಶೇಷ ನ್ಯಾಯಾಲಯ ಶಿಕ್ಷೆ ಕೊಟ್ಟಿದ್ದು 2024ರ ಅಕ್ಟೋಬರ್‌ನಲ್ಲಿ, ಹದಿನಾಲ್ಕು ವರ್ಷ ಕಳೆದ ಮೇಲೆ. ಮರು ತಿಂಗಳೇ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಮೇಲ್ಮನವಿ ಅವರ ಹಕ್ಕು, ಸರಿ. ಆದ್ರೆ ಇನ್ನೊಂದು ಲೆಕ್ಕವೂ ನೆನಪಿರಲಿ. 2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದವರು 5,73,220. ಅವರಲ್ಲಿ 4,34,302 ಜನ ವಿಚಾರಣಾಧೀನರು. ನೂರರಲ್ಲಿ ಎಪ್ಪತ್ತೈದಕ್ಕೂ ಹೆಚ್ಚು ಜನ ಇನ್ನೂ ಅಪರಾಧಿ ಅಂತ ತೀರ್ಮಾನ ಆಗದವರು. ಅವರಲ್ಲಿ ಜಾಮೀನಿಗೆ ಪಹಣಿ ತಂದುಕೊಡೋರು ಸಿಗದೆ ಒಳಗೇ ಉಳಿದವರು ಎಷ್ಟು ಅಂತ ಯೋಚಿಸಿ.

ಹಾಗಂತ ಅಂಕಿಅಂಶ ಎಸೆದುಬಿಡಿ ಅಂತ ನಾನು ಹೇಳೋದಿಲ್ಲ. ಡೋಗಿ ಬರದಲ್ಲಿ ಸತ್ತವರ ಅಂದಾಜು ನಮಗೆ ಸಿಕ್ಕಿದ್ದೇ ಜನಗಣತಿಯಿಂದ. 188ರ ಕೇಸುಗಳ ಗುಟ್ಟು ಬಯಲಾಗಿದ್ದೂ ಎನ್‌ಸಿಆರ್‌ಬಿಯ ಅದೇ ಪಟ್ಟಿಯ ಒಳಪುಟದಿಂದ. ಲೆಕ್ಕ ಬೇಕು. ಆದ್ರೆ ಮೀಟರ್ ಸರಿ ಇರಬೇಕು.

ಅದನ್ನು ಸರಿ ಮಾಡೋದು ದೆಹಲಿಯಲ್ಲಿ ಅಲ್ಲ, ನಿಮ್ಮ ಠಾಣೆಯ ಮೇಜಿನ ಮುಂದೆ. ಗಂಭೀರ ಅಪರಾಧದ ದೂರು ಕೊಟ್ಟಾಗ 'ರಾಜಿ ಮಾಡ್ಕೊಳ್ರಿ' ಅಂದ್ರೆ, ಬರೀ ಹಿಂಬರಹ ಕೊಟ್ಟು ಕಳಿಸಿದ್ರೆ, ನಿಮ್ಮ ನೋವು ಈ ದೇಶದ ಲೆಕ್ಕಕ್ಕೇ ಸೇರೋದಿಲ್ಲ. ಪೊಲೀಸರೇ ಕೇಸು ಹಿಡಿಯಬಹುದಾದ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯ ಅಂತ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2013ರ ನವೆಂಬರ್ 12ರಂದೇ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಅದರ ಪ್ರತಿ ನಿಮಗೆ ಉಚಿತವಾಗಿ ಸಿಗಬೇಕು. ಕೇಳಿ, ತಗೊಳ್ಳಿ. ಮುಂದಿನ ವರ್ಷ ನಾವು ಟಿವಿಯಲ್ಲಿ ಓದೋ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಒಂದು ನಿಮ್ಮದಾಗಿರುತ್ತೆ.