ಕೀಟನಾಶಕ ಬೆರೆತ ನೀರು ಮತ್ತು ಮೀನಿನ ಕಿಣ್ವಗಳು

ಕೃಷಿ ಹೊಂಡದಲ್ಲಿ ಮೀನುಗಳು ಸತ್ತು ತೇಲಿದಾಗ ಮಾತ್ರ ನೀರು ಕೆಟ್ಟಿದೆಯೆಂದು ಭಾವಿಸುವುದು ವಾಡಿಕೆ. ಆದರೆ ಮೀನನ್ನು ಕೊಲ್ಲದಷ್ಟು ಅಲ್ಪ ಪ್ರಮಾಣದ ಕೀಟನಾಶಕವೂ ಅದರ ಕಿಣ್ವಗಳ ಚಟುವಟಿಕೆಯನ್ನು ಕುಗ್ಗಿಸಬಲ್ಲದು. ಅಂತಹ ಮೀನು ಬದುಕಿದ್ದರೂ ಸರಿಯಾಗಿ ಮೇಯುವುದಿಲ್ಲ. ಹಾಕಿದ ಆಹಾರಕ್ಕೆ ತಕ್ಕ ತೂಕ ಬರುವುದಿಲ್ಲ.

ಮೊದಲು ತೊಂದರೆಗೊಳಗಾಗುವುದು ನರಮಂಡಲದ ಕಿಣ್ವವಾದ ಅಸಿಟೈಲ್‌ಕೋಲಿನೆಸ್ಟರೇಸ್. ನರದಿಂದ ಸ್ನಾಯುವಿಗೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ವಸ್ತುವನ್ನು, ಅದರ ಕೆಲಸ ಮುಗಿದೊಡನೆ ಒಡೆಯುವುದೇ ಈ ಕಿಣ್ವದ ಕಾರ್ಯ. ಕ್ಲೋರ್‌ಪೈರಿಫಾಸ್, ಪ್ರೊಫೆನೋಫಾಸ್, ಕ್ವಿನಾಲ್‌ಫಾಸ್ ಮೊದಲಾದ ಸಾವಯವ ರಂಜಕ ಕೀಟನಾಶಕಗಳು ಕಿಣ್ವಕ್ಕೆ ಬಿಗಿಯಾಗಿ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತವೆ. ಸಂದೇಶ ನಿಲ್ಲದೆ ಹರಿಯುವುದರಿಂದ ಮೀನು ನಡುಗುತ್ತದೆ, ಸುತ್ತುತ್ತಾ ಈಜುತ್ತದೆ, ಸಮತೋಲನ ತಪ್ಪಿ ಮಗ್ಗುಲಾಗುತ್ತದೆ. ಕಾರ್ಬಮೇಟ್ ಗುಂಪಿನ ಔಷಧಗಳೂ ಇದೇ ಕಿಣ್ವವನ್ನು ತಡೆಯುತ್ತವೆ. ಆದರೆ ಆ ಬಂಧ ಬೇಗ ಸಡಿಲಗೊಳ್ಳುತ್ತದೆ. ಸಾವಯವ ರಂಜಕದ ಬಾಧೆಯಲ್ಲಿ ಮೀನಿನ ದೇಹ ಹೊಸ ಕಿಣ್ವವನ್ನೇ ತಯಾರಿಸಿಕೊಳ್ಳಬೇಕಾಗುವುದರಿಂದ, ನೀರು ಶುದ್ಧವಾದ ನಂತರವೂ ಚೇತರಿಕೆಗೆ ವಾರಗಳೇ ಹಿಡಿಯಬಹುದು. ಅಷ್ಟರಲ್ಲಿ ಮತ್ತೊಂದು ಸಿಂಪರಣೆಯ ನೀರು ಹೊಂಡ ಸೇರಿದರೆ, ಮೊದಲ ಸಲ ತಡೆದುಕೊಂಡ ಪ್ರಮಾಣವೇ ಎರಡನೆಯ ಸಲ ಮಾರಕವಾಗಬಹುದು.

ಸೈಪರ್‌ಮೆಥ್ರಿನ್‌ನಂತಹ ಪೈರೆಥ್ರಾಯ್ಡ್‌ಗಳು ಮುಖ್ಯವಾಗಿ ಈ ಕಿಣ್ವದ ಮೂಲಕವಲ್ಲ, ನೇರವಾಗಿ ನರತಂತುವಿನ ಮೇಲೆ ವರ್ತಿಸುತ್ತವೆ. ಮೀನಿಗೆ ಅವು ಅತ್ಯಂತ ವಿಷಕಾರಿ. ಎರಡನ್ನೂ ಬೆರೆಸಿದ ಔಷಧಗಳು ಮಾರುಕಟ್ಟೆಯಲ್ಲಿರುವುದರಿಂದ ಡಬ್ಬಿಯ ಮೇಲಿನ ಹೆಸರುಗಳನ್ನು ಓದದೆ ಹೊಂಡದ ಸಮೀಪ ಸಿಂಪಡಿಸಬಾರದು.

ಆಮ್ಲಜನಕದ ಕೊರತೆಯೊಂದಿಗೆ ಇದನ್ನು ಗೊಂದಲ ಮಾಡಿಕೊಳ್ಳಬಾರದು. ಆ ಕೊರತೆ ಸಾಮಾನ್ಯವಾಗಿ ನಸುಕಿನಲ್ಲಿ ತೀವ್ರವಾಗುತ್ತದೆ. ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತವೆ, ದೊಡ್ಡವು ಮೊದಲು ಸಾಯುತ್ತವೆ. ಕೀಟನಾಶಕದಿಂದಾದ ಸಾವು ಹಗಲಿನ ಯಾವ ವೇಳೆಯಲ್ಲಾದರೂ ಸಂಭವಿಸಬಹುದು. ಮರಿಗಳೊಡನೆ ನೀರಿನ ಹುಳುಗಳೂ ಸಾಯುತ್ತವೆ.

ಸಂಶಯ ಬಂದೊಡನೆ ಒಳಹರಿವನ್ನು ಮುಚ್ಚಿ, ಆಹಾರ ನಿಲ್ಲಿಸಿ, ಕೊಳವೆ ಬಾವಿಯ ಶುದ್ಧ ನೀರು ಸೇರಿಸಬೇಕು. ಕಲುಷಿತ ನೀರನ್ನು ಹಳ್ಳಕ್ಕಾಗಲಿ ಕೆರೆಗಾಗಲಿ ಬಿಡಬಾರದು. ಸತ್ತ ಮೀನನ್ನು ತಿನ್ನಬಾರದು, ಮಾರಲೂಬಾರದು. ಸಿಂಪರಣಾ ಯಂತ್ರವನ್ನು ಹೊಂಡದಲ್ಲಿ ತೊಳೆಯುವುದು ಇಂದಿಗೂ ಹಲವೆಡೆ ನಡೆದಿದೆ. ತೊಟ್ಟಿಯ ತಳದಲ್ಲಿ ಉಳಿದ ಸ್ವಲ್ಪ ಔಷಧವೇ ಸಣ್ಣ ಹೊಂಡಕ್ಕೆ ಸಾಕು.

ವಿಸ್ತರಣಾ ಕಾರ್ಯಕರ್ತರು ಪರೀಕ್ಷೆಗೆ ಈಗಷ್ಟೇ ಸತ್ತ ಅಥವಾ ಸಾಯುವ ಸ್ಥಿತಿಯಲ್ಲಿರುವ ಮೀನನ್ನೇ ಆರಿಸಿ ಮಂಜುಗಡ್ಡೆಯಲ್ಲಿಟ್ಟು ಕಳುಹಿಸಬೇಕು; ಫಾರ್ಮಲಿನ್‌ನಲ್ಲಿಟ್ಟರೆ ಕಿಣ್ವದ ಪರೀಕ್ಷೆ ಸಾಧ್ಯವಾಗದು. ನೀರನ್ನು ಶುಚಿಯಾದ ಗಾಜಿನ ಬಾಟಲಿಯಲ್ಲಿ, ಬಿಸಿಲು ತಾಗದಂತೆ ಒಯ್ಯಬೇಕು. ಕಿಣ್ವದ ಸಹಜ ಮಟ್ಟವು ಮೀನಿನ ತಳಿ, ಗಾತ್ರ ಮತ್ತು ನೀರಿನ ಉಷ್ಣಾಂಶಕ್ಕನುಗುಣವಾಗಿ ಬದಲಾಗುವುದರಿಂದ, ಬಾಧೆಯಿಲ್ಲದ ನೆರೆಯ ಹೊಂಡದಿಂದ ಅದೇ ತಳಿಯ, ಅದೇ ಗಾತ್ರದ ಕೆಲವು ಮೀನುಗಳನ್ನೂ ಹೋಲಿಕೆಗಾಗಿ ಪ್ರತ್ಯೇಕವಾಗಿ ಗುರುತು ಮಾಡಿ ಜೊತೆಗೆ ಕಳುಹಿಸತಕ್ಕದ್ದು.