ಕರಾವಳಿ ಉತ್ತರ ಕನ್ನಡದಲ್ಲಿ ಅಂತರರಾಜ್ಯ ಸರಕು ಮಾರ್ಗ ಯೋಜನೆ

ಅಂತರರಾಜ್ಯ ಸರಕು ಮಾರ್ಗ ಯೋಜನೆ ಎಂದರೆ ಸರಕು ಲಾರಿಯೊಂದು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೊರಡುವ ಮುನ್ನ ಅದರ ದಾರಿ, ತೂಕ, ದಾಖಲೆ, ಚಾಲನಾ ಅವಧಿ ಮತ್ತು ತಂಗುದಾಣಗಳನ್ನು ಕಾನೂನಿಗೆ ಅನುಗುಣವಾಗಿ ನಿರ್ಧರಿಸುವ ಕ್ರಮ. ಕೇರಳ ಮತ್ತು ಮಂಗಳೂರಿನಿಂದ ಗೋವಾ, ಮಹಾರಾಷ್ಟ್ರಗಳಿಗೆ ಹೋಗುವ ಲಾರಿಗಳ ಮುಖ್ಯ ದಾರಿಯಲ್ಲಿ ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ ಮತ್ತು ಕುಮಟಾ ಪಟ್ಟಣಗಳಿವೆ. ಒಂದೆಡೆ ಸಮುದ್ರ, ಇನ್ನೊಂದೆಡೆ ಸಹ್ಯಾದ್ರಿ ಇರುವ ಈ ಭಾಗದಲ್ಲಿ ಮಳೆಗಾಲದ ಭೂಕುಸಿತವೂ ಯೋಜನೆಯ ಅಂಗವಾಗಿರಬೇಕಾಗುತ್ತದೆ.

== ಹೆದ್ದಾರಿಗಳು ==
ಪನ್ವೇಲ್‌ನಿಂದ ಕನ್ಯಾಕುಮಾರಿಯವರೆಗಿನ ರಾಷ್ಟ್ರೀಯ ಹೆದ್ದಾರಿ 66 ಇಲ್ಲಿನ ಪ್ರಧಾನ ಮಾರ್ಗ. ಪನ್ವೇಲ್‌ನಿಂದ ಕೇರಳದ ಇಡಪ್ಪಳ್ಳಿಯವರೆಗಿನ ಭಾಗಕ್ಕೆ ಹಿಂದೆ ರಾಷ್ಟ್ರೀಯ ಹೆದ್ದಾರಿ 17 ಎಂಬ ಹೆಸರಿತ್ತು. ಭಟ್ಕಳದಿಂದ ಹೊನ್ನಾವರಕ್ಕೆ ಸುಮಾರು 40 ಕಿ.ಮೀ., ಅಲ್ಲಿಂದ ಕುಮಟಾಕ್ಕೆ ಸುಮಾರು 20 ಕಿ.ಮೀ. ದೂರವಿದೆ. ಉತ್ತರಕ್ಕೆ ಸಾಗುವಾಗ ಹೆದ್ದಾರಿಯು ಹೊನ್ನಾವರದಲ್ಲಿ ಶರಾವತಿಯನ್ನು, ಕುಮಟಾ ದಾಟಿದ ಮೇಲೆ ಅಘನಾಶಿನಿಯನ್ನು, ಅಂಕೋಲಾಕ್ಕೆ ಮುನ್ನ ಗಂಗಾವಳಿಯನ್ನು, ಕಾರವಾರದಲ್ಲಿ ಕಾಳಿಯನ್ನು ದಾಟುತ್ತದೆ.

ಕರಾವಳಿಯಿಂದ ಒಳನಾಡಿಗೆ ಹೋಗಲು ಘಟ್ಟದ ಮೂರು ಮುಖ್ಯ ದಾರಿಗಳಿವೆ:
* ಹೊನ್ನಾವರದಿಂದ ಗೇರುಸೊಪ್ಪೆ, ಸಾಗರದ ಮೂಲಕ ಶಿವಮೊಗ್ಗಕ್ಕೆ
* ಕುಮಟಾದಿಂದ ದೇವಿಮನೆ ಘಟ್ಟದ ಮೂಲಕ ಶಿರಸಿಗೆ
* ಅಂಕೋಲಾದಿಂದ ಅರಬೈಲ್ ಘಟ್ಟ, ಯಲ್ಲಾಪುರದ ಮೂಲಕ ಹುಬ್ಬಳ್ಳಿಗೆ

ಮೋಟಾರು ವಾಹನ ಕಾಯ್ದೆ, 1988ರ 115ನೇ ಕಲಂ ಅಡಿಯಲ್ಲಿ ಸಾರ್ವಜನಿಕ ಸುರಕ್ಷತೆಗಾಗಿ ಯಾವುದೇ ರಸ್ತೆಯಲ್ಲಿ ವಾಹನ ಸಂಚಾರವನ್ನು ನಿರ್ಬಂಧಿಸಬಹುದು. ಆದ್ದರಿಂದ ಘಟ್ಟದ ರಸ್ತೆಯನ್ನು ಪರ್ಯಾಯವಾಗಿ ಆರಿಸುವ ಮುನ್ನ ಆ ದಿನ ಅಲ್ಲಿ ಭಾರೀ ವಾಹನಗಳಿಗೆ ಅನುಮತಿ ಇದೆಯೇ ಎಂದು ತಿಳಿದುಕೊಳ್ಳಬೇಕು.

== ಪರವಾನಗಿ ಮತ್ತು ತೂಕ ==
ಇತರ ರಾಜ್ಯಗಳಲ್ಲಿ ಸಂಚರಿಸಲು ಸರಕು ವಾಹನಕ್ಕೆ ರಾಷ್ಟ್ರೀಯ ಪರವಾನಗಿ ಬೇಕು. ಈ ಪರವಾನಗಿ ಇದ್ದರೂ ತನ್ನದಲ್ಲದ ರಾಜ್ಯವೊಂದರ ಎರಡು ಸ್ಥಳಗಳ ನಡುವೆ ಸರಕು ಸಾಗಿಸುವಂತಿಲ್ಲ. ಉದಾಹರಣೆಗೆ, ಕೇರಳದಲ್ಲಿ ನೋಂದಣಿಯಾದ ಲಾರಿ ಕುಮಟಾದಲ್ಲಿ ಸರಕು ತುಂಬಿಸಿಕೊಂಡು ಮಂಗಳೂರಿನಲ್ಲಿ ಇಳಿಸುವಂತಿಲ್ಲ. ನೋಂದಣಿ ಪತ್ರ, ಅರ್ಹತಾ ಪತ್ರ, ವಿಮೆ, ಮಾಲಿನ್ಯ ನಿಯಂತ್ರಣ ಪ್ರಮಾಣಪತ್ರ ಮತ್ತು ಚಾಲನಾ ಪರವಾನಗಿ ಚಾಲ್ತಿಯಲ್ಲಿರಬೇಕು.

2018ರ ಪರಿಷ್ಕರಣೆಯಂತೆ ಎರಡು ಆಕ್ಸಲ್ ಲಾರಿಯ ಗರಿಷ್ಠ ಒಟ್ಟು ತೂಕ 18.5 ಟನ್, ಮೂರು ಆಕ್ಸಲ್‌ನದು 28.5 ಟನ್. ಮಿತಿ ಮೀರಿದರೆ ಕಾಯ್ದೆಯ 194ನೇ ಕಲಂ 20,000 ರೂಪಾಯಿ ದಂಡವನ್ನೂ, ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿಯನ್ನೂ ವಿಧಿಸುತ್ತದೆ.

== ಇ-ವೇ ಬಿಲ್ ==
ಸರಕು ಮತ್ತು ಸೇವಾ ತೆರಿಗೆ ವ್ಯವಸ್ಥೆಯಲ್ಲಿ 50,000 ರೂಪಾಯಿಗಿಂತ ಹೆಚ್ಚು ಮೌಲ್ಯದ ಸರಕಿಗೆ ಸಾಮಾನ್ಯವಾಗಿ ಇ-ವೇ ಬಿಲ್ ಅಗತ್ಯ. ಅಂತರರಾಜ್ಯ ಸಾಗಣೆಗೆ ಇದು 2018ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 2021ರ ಜನವರಿಯಿಂದ ಇದರ ಸಿಂಧುತ್ವವನ್ನು ಪ್ರತಿ 200 ಕಿ.ಮೀ.ಗೆ ಒಂದು ದಿನದಂತೆ ಲೆಕ್ಕ ಹಾಕಲಾಗುತ್ತದೆ. ನೈಸರ್ಗಿಕ ವಿಕೋಪ ಅಥವಾ ಅಪಘಾತದಿಂದ ತಡವಾದರೆ, ಅವಧಿ ಮುಗಿಯುವ 8 ಗಂಟೆ ಮುಂಚಿನಿಂದ ಮುಗಿದ 8 ಗಂಟೆಯೊಳಗೆ ಅದನ್ನು ವಿಸ್ತರಿಸಿಕೊಳ್ಳಬಹುದು. ದಾರಿ ಮುಚ್ಚಿದಾಗ ಚಾಲಕರು ಮೊದಲು ಗಮನಿಸಬೇಕಾದ ಅಂಶಗಳಲ್ಲಿ ಇದೂ ಒಂದು.

== ಚಾಲನಾ ಅವಧಿ ಮತ್ತು ತಂಗುದಾಣ ==
ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ, 1961 ದಿನಕ್ಕೆ 8 ಗಂಟೆ ಹಾಗೂ ವಾರಕ್ಕೆ 48 ಗಂಟೆಗಳ ಕೆಲಸವನ್ನು ಸಾಮಾನ್ಯ ಮಿತಿಯಾಗಿಯೂ, 5 ಗಂಟೆಗಳ ಕೆಲಸದ ಬಳಿಕ ಕನಿಷ್ಠ ಅರ್ಧ ಗಂಟೆಯ ವಿರಾಮವನ್ನೂ ನಿಗದಿಪಡಿಸಿತ್ತು. ಈ ಕಾಯ್ದೆಯನ್ನು ಒಳಗೊಂಡ 2020ರ ಕಾರ್ಮಿಕ ಸಂಹಿತೆಯೂ ದಿನಕ್ಕೆ 8 ಗಂಟೆಯ ಮಿತಿಯನ್ನು ಉಳಿಸಿಕೊಂಡಿದೆ.

ಮಂಗಳೂರಿನಿಂದ 850 ಕಿ.ಮೀ. ದೂರದ ಪ್ರಯಾಣವನ್ನು ಉದಾಹರಣೆಯಾಗಿ ನೋಡಬಹುದು. ಸರಾಸರಿ ವೇಗ ಗಂಟೆಗೆ 45 ಕಿ.ಮೀ. ಇದ್ದರೆ ಸುಮಾರು 19 ಗಂಟೆಗಳ ಚಾಲನೆ, ಅಂದರೆ ಒಬ್ಬ ಚಾಲಕನಿಗೆ ಮೂರು ದಿನಗಳು ಬೇಕು. ಮೊದಲ ದಿನದ ಕೊನೆಗೆ ಲಾರಿ ಗೋವಾ ಗಡಿಯನ್ನು ದಾಟಿರುತ್ತದೆ. ಮಳೆಯಲ್ಲಿ ವೇಗ 30 ಕಿ.ಮೀ.ಗೆ ಇಳಿದರೆ ಮೊದಲ ದಿನದ ದೂರ 240 ಕಿ.ಮೀ. ಮಾತ್ರ, ಆಗ ವಿಶ್ರಾಂತಿಯ ಸಮಯ ಅಂಕೋಲಾದ ಆಸುಪಾಸಿನಲ್ಲೇ ಬರುತ್ತದೆ. ಹೀಗೆ ಮಳೆಗಾಲದಲ್ಲಿ ಕಾನೂನುಬದ್ಧ ವಿರಾಮವೇ ಚಾಲಕನನ್ನು ಗುಡ್ಡದ ಬುಡದಲ್ಲಿ ನಿಲ್ಲಿಸಬಹುದು. ಎಷ್ಟು ಹೊತ್ತಿಗೆ ನಿಲ್ಲಬೇಕು ಎಂಬುದರ ಜೊತೆಗೆ ಎಲ್ಲಿ ನಿಲ್ಲಬೇಕು ಎಂಬುದನ್ನೂ ಮೊದಲೇ ಗೊತ್ತುಪಡಿಸುವುದು ಈ ಕಾರಣಕ್ಕೆ ಮುಖ್ಯ.

== ಅವಘಡಗಳು ==
ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ರಸ್ತೆ ಬದಿಯ ಹೋಟೆಲೂ ಅಲ್ಲಿ ನಿಂತಿದ್ದ ವಾಹನಗಳೂ ಮಣ್ಣಿನೊಂದಿಗೆ ಗಂಗಾವಳಿ ನದಿಯ ಪಾಲಾದವು. ಹಲವರು ಪ್ರಾಣ ಕಳೆದುಕೊಂಡರು. ಮರದ ದಿಮ್ಮಿ ಹೊತ್ತು ಕೇರಳದ ಕಡೆ ಹೊರಟಿದ್ದ ಲಾರಿ ಮತ್ತು ಅದರ ಚಾಲಕನ ಮೃತದೇಹ ಸೆಪ್ಟೆಂಬರ್ 25ರಂದು ನದಿಯಲ್ಲಿ ಪತ್ತೆಯಾದವು. ಇದು ಭಟ್ಕಳದ ದಕ್ಷಿಣಕ್ಕೆ ಬೈಂದೂರು ತಾಲ್ಲೂಕಿನಲ್ಲಿರುವ, ಸುಂಕ ವಸೂಲಿ ಕೇಂದ್ರವುಳ್ಳ ಶಿರೂರಲ್ಲ. ಮಾರ್ಗಸೂಚಿಗಳನ್ನು ಓದುವಾಗ ಈ ವ್ಯತ್ಯಾಸವನ್ನು ಗಮನಿಸಬೇಕು. ಅದೇ ವರ್ಷದ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಹಳೆಯ ಕಾಳಿ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು, ಚಾಲಕನನ್ನು ರಕ್ಷಿಸಲಾಯಿತು.

== ರೈಲು ಪರ್ಯಾಯ ==
ಕೊಂಕಣ ರೈಲ್ವೆಯ 'ರೋ-ರೋ' ಸೇವೆಯಲ್ಲಿ ಸರಕು ತುಂಬಿದ ಲಾರಿಗಳನ್ನೇ ರೈಲಿನ ಮೇಲೇರಿಸಿ ಸಾಗಿಸಲಾಗುತ್ತದೆ. 1999ರಲ್ಲಿ ಮಹಾರಾಷ್ಟ್ರದ ಕೋಲಾಡ್ ಮತ್ತು ಗೋವಾದ ವೆರ್ಣಾ ನಡುವೆ ಆರಂಭವಾದ ಈ ಸೇವೆ ಬಳಿಕ ಮಂಗಳೂರು ಸಮೀಪದ ಸುರತ್ಕಲ್‌ವರೆಗೆ ವಿಸ್ತರಣೆಗೊಂಡಿತು. ಸುರತ್ಕಲ್‌ನಲ್ಲಿ ರೈಲೇರಿದ ಲಾರಿ ಭಟ್ಕಳದಿಂದ ಕಾರವಾರದವರೆಗಿನ ಹೆದ್ದಾರಿಯನ್ನು ಬಳಸದೆ ಉತ್ತರಕ್ಕೆ ತಲುಪುತ್ತದೆ.